ಓದುಗರ ಪ್ರಶ್ನೆ: ಕೃಷ್ಣದೇವರಾಯನ ತಲೆಯ ಮೇಲೆ ಇದ್ದದ್ದೇನು?

ಐತಿಹಾಸಿಕ ಚಿತ್ರಗಳಲ್ಲೂ ಧಾರಾವಾಹಿಗಳಲ್ಲೂ ನುಸುಳುವ ತಪ್ಪುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದು, ಓದುಗರಿಂದ ಪ್ರಶ್ನೆಗಳನ್ನು ಆಹ್ವಾನಿಸಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ವಿಜಯನಗರವನ್ನು ಕುರಿತವು. ಆದ್ದರಿಂದ ಉತ್ತರಗಳೂ ಅಲ್ಲಿಯೇ ಹೆಚ್ಚು ಹೊತ್ತು ನಿಂತಿವೆ. ಒಂದು ತಂಡವನ್ನು ಹೆಸರಿಸಿ ಹಳಿಯುವುದು ನನ್ನ ಉದ್ದೇಶವಲ್ಲವಾದ್ದರಿಂದ ಪತ್ರಗಳಲ್ಲಿದ್ದ ಧಾರಾವಾಹಿಗಳ ಹೆಸರುಗಳನ್ನು ಕೈಬಿಟ್ಟಿದ್ದೇನೆ.

ಧಾರಾವಾಹಿಗಳಲ್ಲಿ ಕೃಷ್ಣದೇವರಾಯ ಊಟಕ್ಕೆ ಕುಳಿತಾಗಲೂ ಬಂಗಾರದ ದೊಡ್ಡ ಕಿರೀಟ ಧರಿಸಿಯೇ ಇರುತ್ತಾನೆ. ನಿಜವಾಗಿ ಅವನ ವೇಷ ಹೇಗಿತ್ತೆಂದು ತಿಳಿಯಲು ಆಧಾರವೇನಾದರೂ ಇದೆಯೇ? (ಹೊಸಪೇಟೆ)

ಇದೆ, ಅದೂ ನಮ್ಮಲ್ಲಿ ಬಹಳಷ್ಟು ಮಂದಿ ಗೋವಿಂದನಾಮ ಹೇಳುತ್ತ, ನೂಕುನುಗ್ಗಲಿನಲ್ಲಿ, ತಿರುಗಿಯೂ ನೋಡದೆ ದಾಟಿ ಹೋಗುವ ಜಾಗದಲ್ಲಿ. ತಿರುಮಲೆಯ ದೇವಾಲಯದ ಮಹಾದ್ವಾರವನ್ನು ದಾಟಿದೊಡನೆ ಸಿಗುವ ಮಂಟಪದಲ್ಲಿ ಕೃಷ್ಣದೇವರಾಯನ ಲೋಹದ ಪ್ರತಿಮೆಯಿದೆ. ಅತ್ತ ಇತ್ತ ರಾಣಿಯರಾದ ತಿರುಮಲದೇವಿ ಮತ್ತು ಚಿನ್ನಾದೇವಿ. ಮೂವರೂ ಕೈಮುಗಿದು ನಿಂತಿದ್ದಾರೆ. ದೇವರ ಎದುರು ನಿಂತವನಾದ್ದರಿಂದ ರಾಯನ ಮೈಮೇಲೆ ಅಂಗಿಯಿಲ್ಲ. ತಲೆಯ ಮೇಲಿರುವುದು ನಾವು ಪರದೆಯ ಮೇಲೆ ಕಾಣುವ ಗೋಪುರದಂತಹ ಕಿರೀಟವಲ್ಲ, ಬಟ್ಟೆಯಿಂದ ಮಾಡಿದ ಎತ್ತರದ ಟೊಪ್ಪಿಗೆ.

ಈ ಪ್ರತಿಮೆಯ ಮಾತನ್ನು ಕಣ್ಣಾರೆ ಕಂಡವನೊಬ್ಬನ ಬರವಣಿಗೆಯೂ ಅನುಮೋದಿಸುತ್ತದೆ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಯಸ್, ರಾಯನು ಮಧ್ಯಮ ಎತ್ತರದವನೆಂದೂ, ಮೈಬಣ್ಣ ತಿಳಿಯೆಂದೂ, ಸಣಕಲಲ್ಲದ ತುಸು ತುಂಬಿದ ಮೈಯವನೆಂದೂ, ಮುಖದ ಮೇಲೆ ಸಿಡುಬಿನ ಕಲೆಗಳಿದ್ದವೆಂದೂ ಬರೆದಿದ್ದಾನೆ. ಅವನು ಕಂಡ ದಿನ ರಾಯನು ಬಂಗಾರದ ಎಳೆಯಲ್ಲಿ ಗುಲಾಬಿಗಳನ್ನು ಕಸೂತಿ ಮಾಡಿದ ಬಿಳಿಯ ಉಡುಪು ತೊಟ್ಟು, ಕೊರಳಲ್ಲಿ ವಜ್ರದ ಹಾರ ಧರಿಸಿ, ತಲೆಗೆ ಜರತಾರಿಯ ಟೊಪ್ಪಿಗೆ ಇಟ್ಟುಕೊಂಡು, ಬರಿಗಾಲಿನಲ್ಲಿದ್ದ. ಸಿಡುಬಿನ ಕಲೆಯಿರುವ ನಾಯಕನನ್ನು ತೋರಿಸುವ ಧೈರ್ಯ ನಮ್ಮ ಯಾವ ಮೇಕಪ್ ಕೋಣೆಗೂ ಬಂದಂತೆ ಕಾಣೆ. ಬೆಳಗಾಗುವ ಮುನ್ನವೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಆ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿವರಸೆ, ಕುಸ್ತಿ ಎಂದು ಸಾಧನೆ ಮಾಡುತ್ತಿದ್ದ ಅರಸನ ಚಿತ್ರವೂ ಅದೇ ಬರವಣಿಗೆಯಲ್ಲಿದೆ. ಸಾಹಸದೃಶ್ಯಗಳಿಗಾಗಿ ತಲೆ ಕೆಡಿಸಿಕೊಳ್ಳುವ ನಿರ್ದೇಶಕರು ಅದನ್ನು ಹೇಗೆ ಬಿಟ್ಟರೋ!

ಆ ಟೊಪ್ಪಿಗೆಯ ಹೆಸರು ಕುಲ್ಲಾಯಿ. ಮೂಲ ಪಾರಸಿ ಪದ. ವಿಜಯನಗರದ ಆಸ್ಥಾನದಲ್ಲಿ ಕುಲ್ಲಾಯಿ ಮತ್ತು ಕಬಾಯಿ ಎಂಬ ನಿಲುವಂಗಿ ಸಭೆಯ ಉಡುಪಾಗಿ ಬೆಳೆದಿದ್ದವು. ತೆಲುಗಿನ ಮಹಾಕವಿ ಶ್ರೀನಾಥನ ಹೆಸರಿನಲ್ಲಿ ಪ್ರಚಲಿತವಾಗಿರುವ ಒಂದು ಚಾಟುಪದ್ಯದಲ್ಲಿ, ಕರ್ಣಾಟಕದ ರಾಜಸಭೆಗಾಗಿ ತಾನು ಕುಲ್ಲಾಯಿ ಇಟ್ಟುಕೊಳ್ಳಬೇಕಾಯಿತು, ಅಂಗಿ ತೊಡಬೇಕಾಯಿತು ಎಂದು ಕವಿ ಗೊಣಗುತ್ತಾನೆ. ಲೇಪಾಕ್ಷಿಯ ಚಾವಣಿಯ ವರ್ಣಚಿತ್ರಗಳಲ್ಲಿ ಇಂತಹ ಎತ್ತರದ ಟೊಪ್ಪಿಗೆಯವರು ಸಾಲಾಗಿ ನಿಂತಿದ್ದಾರೆ. ಆ ಪದ ಕನ್ನಡದಿಂದ ಹೋಗಿಯೂ ಇಲ್ಲ: ಎಳೆಯ ಮಗುವಿನ ತಲೆಗೆ ಕಟ್ಟುವ ಕುಲಾವಿಯಲ್ಲಿ ಅದು ಇನ್ನೂ ಉಳಿದಿದೆ.

ಹಾಗಾದರೆ ಕಿರೀಟ ಎಲ್ಲಿಂದ ಬಂತು? ಕಂಪನಿ ನಾಟಕಗಳಿಂದ ಮತ್ತು ಕ್ಯಾಲೆಂಡರ್ ಚಿತ್ರಗಳಿಂದ. ರಂಗದ ಮೇಲೆ ಶ್ರೀಕೃಷ್ಣನಿಗೂ ದುರ್ಯೋಧನನಿಗೂ ಇದ್ದ ಕಾಗದದ ತಿರುಳು ಮತ್ತು ಬೇಗಡೆಯ ಕಿರೀಟವೇ ಐತಿಹಾಸಿಕ ರಾಜನಿಗೂ ಬಂತು, ಏಕೆಂದರೆ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ರಾಜ ಯಾರು, ಮಂತ್ರಿ ಯಾರು ಎಂಬುದು ದೂರದಿಂದಲೇ ತಿಳಿಯಬೇಕಿತ್ತು. ರಂಗಭೂಮಿಯ ಆ ಅಗತ್ಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕ್ಯಾಮೆರಾ ಮುಖದಿಂದ ಒಂದು ಗೇಣು ದೂರದಲ್ಲಿರುವಾಗ ಆ ಅಗತ್ಯ ಉಳಿಯುವುದಿಲ್ಲ. ಕುಲ್ಲಾಯಿಯನ್ನು ಹೊಲಿಸುವುದು ಕಿರೀಟ ಮಾಡಿಸುವುದಕ್ಕಿಂತ ಅಗ್ಗ ಎಂಬುದನ್ನೂ ನೆನಪಿಡಬೇಕು.

ಹಂಪಿಯ ಕಲ್ಲಿನ ರಥದ ಎದುರೇ ಕೃಷ್ಣದೇವರಾಯನ ದೃಶ್ಯವನ್ನು ಚಿತ್ರೀಕರಿಸಿದರೆ ಅದರಲ್ಲಿ ತಪ್ಪೇನು? ಸ್ಥಳ ಅದೇ ತಾನೇ? (ಗಂಗಾವತಿ)

ಸ್ಥಳ ಅದೇ, ರೂಪ ಅದಲ್ಲ. ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಆ ರಥ ವಾಸ್ತವವಾಗಿ ಗರುಡನ ಗುಡಿ. ಅದರ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದಿತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪಿಯಲ್ಲಿ ತೆಗೆದ ಛಾಯಾಚಿತ್ರಗಳಲ್ಲಿ ಆ ಶಿಖರ ಸ್ಪಷ್ಟವಾಗಿ ಕಾಣುತ್ತದೆ. ಅದೇ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ತೆಗೆದುಹಾಕಲಾಯಿತು. ನಾವು ಇಂದು ಕಾಣುವ ಚಪ್ಪಟೆ ನೆತ್ತಿಯ ರಥ, 2017ರಿಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅಚ್ಚಾಗುತ್ತಿರುವ ರಥ, ರಾಯನು ಎಂದೂ ಕಂಡಿರದ ರಥ.

ಮುಂದಿನ ಬಾರಿ ಹೋದಾಗ ರಥವನ್ನು ಎಳೆಯುವಂತೆ ನಿಲ್ಲಿಸಿರುವ ಎರಡು ಆನೆಗಳ ಹಿಂದೆ ಸ್ವಲ್ಪ ಬಗ್ಗಿ ನೋಡಿ. ಕಲ್ಲಿಗೆ ಅಂಟಿಕೊಂಡಂತೆ ಕುದುರೆಗಳ ಹಿಂಗಾಲು ಮತ್ತು ಬಾಲಗಳು ಉಳಿದಿವೆ. ಮೊದಲು ಅಲ್ಲಿದ್ದದ್ದು ಕುದುರೆಗಳು. ಆನೆಗಳನ್ನು ಆಮೇಲೆ ತಂದು ನಿಲ್ಲಿಸಿದ್ದು. ಆನೆಯ ಗಾತ್ರಕ್ಕೂ ರಥದ ಗಾತ್ರಕ್ಕೂ ಏಕೆ ಹೊಂದುವುದಿಲ್ಲ ಎಂದು ಕೇಳುವ ಮಕ್ಕಳಿಗೆ ಅಲ್ಲಿಯೇ ಉತ್ತರವಿದೆ.

ಇದಕ್ಕಿಂತ ದೊಡ್ಡ ತಪ್ಪು ನರಸಿಂಹನದು. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಆ ವಿಗ್ರಹವನ್ನು ನಾವು ಉಗ್ರನರಸಿಂಹ ಎಂದು ಕರೆದುಬಿಟ್ಟಿದ್ದೇವೆ. ಕಡೆದದ್ದು ಲಕ್ಷ್ಮೀನರಸಿಂಹನನ್ನು. ತೊಡೆಯ ಮೇಲಿದ್ದ ಲಕ್ಷ್ಮಿಯನ್ನು ಒಡೆದು ಹಾಕಲಾಗಿದ್ದು, ದೇವರ ಬೆನ್ನನ್ನು ಬಳಸಿದ ಅವಳ ಕೈಯೊಂದು ಮಾತ್ರ ಉಳಿದಿದೆ. ಆ ಮೂರ್ತಿಯನ್ನು ಪ್ರತಿಷ್ಠೆ ಮಾಡಿಸುವ ದೃಶ್ಯದಲ್ಲಿಯೇ ಲಕ್ಷ್ಮಿಯಿಲ್ಲದ, ಕಾಲು ಮುರಿದ ನರಸಿಂಹನನ್ನು ತೋರಿಸಿದರೆ ವಿಜಯನಗರ ಹಾಳಾಗಲು ಕಾರಣವಾದ 1565ರ ಯುದ್ಧಕ್ಕೆ ಸುಮಾರು ನಲವತ್ತು ವರ್ಷ ಮೊದಲೇ ರಾಯನು ಹಾಳೂರಿನಲ್ಲಿ ರಾಜ್ಯವಾಳುತ್ತಿದ್ದಾನೆ ಎಂದಾಯಿತು. ಗೋಪುರಗಳ ಬರಿಯ ಇಟ್ಟಿಗೆಯೂ ಹಾಗೆಯೇ: ಅವುಗಳ ಮೇಲೆ ಗಾರೆ ಇತ್ತು, ಗಾರೆಯ ಗೊಂಬೆಗಳಿದ್ದವು, ಬಣ್ಣವಿತ್ತು.

ಇನ್ನು ದಂಡು ಹೊರಟಾಗ ಕುದುರೆಗಳ ಹಿಂದೆ ಕಾಣುವ ಮುಳ್ಳಿನ ಪೊದೆ. ನಾವು ಬಳ್ಳಾರಿ ಜಾಲಿ ಎಂದು ಊರಿನ ಹೆಸರಿಟ್ಟು ಕರೆದರೂ ಅದು ಅಮೆರಿಕ ಖಂಡದ ಗಿಡ. ದಕ್ಷಿಣ ಭಾರತಕ್ಕೆ ಬಂದದ್ದು 19ನೆಯ ಶತಮಾನದಲ್ಲಿ. ಅದನ್ನು ಕ್ಯಾಮೆರಾದಿಂದ ಪೂರ್ತಿ ತಪ್ಪಿಸುವುದು ಬಳ್ಳಾರಿ ಸೀಮೆಯಲ್ಲಿ ಸುಲಭವಲ್ಲ, ಹಾಗಾಗಿ ಆ ತಪ್ಪಿಗೆ ನಾನು ಕ್ಷಮೆ ಕೊಟ್ಟಿದ್ದೇನೆ.

ಅರಮನೆಯ ಔತಣದ ದೃಶ್ಯದಲ್ಲಿ ಬಾಳೆಲೆಯ ಮೇಲೆ ಆಲೂಗಡ್ಡೆಯ ಪಲ್ಯ, ಪಕ್ಕದಲ್ಲಿ ಕೆಂಪು ಮೆಣಸಿನಕಾಯಿಯ ಒಗ್ಗರಣೆ ಕಂಡೆ. ಹೊಯ್ಸಳರ ಕಾಲಕ್ಕೆ ಇವು ಇದ್ದವೇ? (ಹಾಸನ)

ಎರಡೂ ಇರಲಿಲ್ಲ. ಮೆಣಸಿನಕಾಯಿ, ಆಲೂಗಡ್ಡೆ, ಟೊಮ್ಯಾಟೊ, ಶೇಂಗಾ, ಗೋಡಂಬಿ, ಸೀಬೆ, ಪರಂಗಿ, ಅನಾನಸು, ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ಕೊಲಂಬಸ್ ಅತ್ತ ಹೋದದ್ದು 1492ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಹೊಯ್ಸಳರ ಆಳ್ವಿಕೆ ಮುಗಿದು ಆಗಲೇ ಒಂದೂವರೆ ಶತಮಾನ ಕಳೆದಿತ್ತು.

ನಮ್ಮ ನುಡಿಯೇ ಈ ಸಂಗತಿಯನ್ನು ಬಚ್ಚಿಟ್ಟುಕೊಂಡಿದೆ. ಮೆಣಸು ಎಂದರೆ ಮೊದಲು ಕಾಳುಮೆಣಸು ಮಾತ್ರ. ಅದರಂತೆಯೇ ಖಾರವಿರುವ ಹೊಸ ಕಾಯಿ ಬಂದಾಗ ಅದು ಮೆಣಸಿನಕಾಯಿಯಾಯಿತು. ಹೊಸಬನ ಹಾವಳಿ ಎಷ್ಟಾಯಿತೆಂದರೆ ಕರಾವಳಿಯಲ್ಲಿ ಹಳೆಯ ಮೆಣಸನ್ನು ಗುರುತಿಸಲು ಒಳ್ಳೆಮೆಣಸು ಎಂದು ಹೇಳಬೇಕಾಗಿದೆ. 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನ ಕಾಲಕ್ಕೆ ಕಡಲಂಚಿನ ಹಿತ್ತಿಲುಗಳಿಗೆ ಮೆಣಸಿನ ಗಿಡ ಬಂದಿದ್ದರೂ ಬಂದಿರಬಹುದು, ಆದರೆ ಅರಮನೆಯ ಅಂಗಳದಲ್ಲಿ ರಾಶಿ ಹಾಕಿ ಒಣಗಿಸುವಷ್ಟು ಇತ್ತೆಂದು ನಂಬುವುದು ಕಷ್ಟ. ಆಲೂಗಡ್ಡೆ ನಮ್ಮ ಅಡುಗೆಮನೆಗೆ ವ್ಯಾಪಕವಾಗಿ ಬಂದದ್ದು ಇನ್ನೂ ಬಹಳ ತಡವಾಗಿ, ಇಂಗ್ಲಿಷರ ಕಾಲದಲ್ಲಿ.

ಆಗಿನ ಊಟ ಬಡವಾಗಿತ್ತೇನೂ ಅಲ್ಲ. ಪಯಸ್ ನಿಂಬೆ, ಕಿತ್ತಳೆ, ದಾಳಿಂಬೆ, ದ್ರಾಕ್ಷಿ, ಬದನೆಗಳನ್ನು ಕಂಡು ಬರೆದಿದ್ದಾನೆ. ಕನ್ನಡದಲ್ಲಿಯೇ ಚಾವುಂಡರಾಯನ ಲೋಕೋಪಕಾರದಲ್ಲಿ ಅಡುಗೆಯ ಭಾಗವಿದೆ. ಮೂರನೆಯ ಮಂಗರಸನ ಸೂಪಶಾಸ್ತ್ರವಂತೂ ಅಡುಗೆಗೇ ಮೀಸಲಾದ ಕಾವ್ಯ. ಕಲಾನಿರ್ದೇಶಕರು ಅದನ್ನು ಒಮ್ಮೆ ತಿರುವಿಹಾಕಿದರೆ ಎಲೆಯ ತುಂಬ ಬಡಿಸುವಷ್ಟು ಸಾಮಗ್ರಿ ಸಿಗುತ್ತದೆ.

ಹಾಸನದ ಓದುಗರೇ ಇನ್ನೊಂದು ಮಾತನ್ನೂ ಕೇಳಿದ್ದಾರೆ: ಸೋಮನಾಥಪುರದ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆಯಲ್ಲವೇ, ಹಾಗಿದ್ದರೆ ಅಮೆರಿಕದ ಬೆಳೆ 13ನೆಯ ಶತಮಾನದಲ್ಲಿಯೇ ಇಲ್ಲಿತ್ತಲ್ಲವೇ ಎಂದು. 1989ರಲ್ಲಿ ಇಬ್ಬರು ಅಮೆರಿಕನ್ ವಿದ್ವಾಂಸರು ಹಾಗೆಂದು ವಾದಿಸಿದ್ದು ನಿಜ. ಭಾರತದ ಕೃಷಿವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಅದು ಮುತ್ತುಗಳನ್ನು ಪೋಣಿಸಿದಂತೆ ಕಡೆದ, ಮುಕ್ತಾಫಲವೆಂಬ ಕಲ್ಪನೆಯ ಹಣ್ಣು ಎಂಬುದು ಅವರ ಉತ್ತರ. ನನಗೂ ಅದೇ ಸರಿಯೆನಿಸುತ್ತದೆ. ಶಿಲ್ಪದಲ್ಲಿ ತೆನೆಯಂತೆ ಕಂಡದ್ದಕ್ಕೆ ಹೊಲದಲ್ಲೂ ಕಾವ್ಯದಲ್ಲೂ ಶಾಸನದಲ್ಲೂ ಸಾಕ್ಷಿ ಸಿಗಬೇಕು.

ಕದಂಬರ ಮಯೂರಶರ್ಮ ಇಂದಿನ ಕನ್ನಡದಲ್ಲಿ ಮಾತನಾಡುವುದು ಎಲ್ಲಕ್ಕಿಂತ ದೊಡ್ಡ ತಪ್ಪಲ್ಲವೇ? (ಶಿರಸಿ)

ಅಲ್ಲ. ಅದು ನೋಡುವವನಿಗೂ ತೋರಿಸುವವನಿಗೂ ನಡುವೆ ಇರುವ ಒಪ್ಪಂದ. ಮಯೂರನ ಕಾಲಕ್ಕೆ ಸುಮಾರು ನೂರು ವರ್ಷ ಈಚಿನದಾದ ಹಲ್ಮಿಡಿ ಶಾಸನದ ಕನ್ನಡವನ್ನೇ ಇಂದು ಓದಿ ಹೇಳಿದರೆ ಅರ್ಥವಾಗುವುದು ಎಷ್ಟು ಜನರಿಗೆ?

ಆದರೆ ಒಪ್ಪಂದದೊಳಗೂ ಒಂದು ಎಚ್ಚರ ಬೇಕು. ಮಯೂರನು ಪಲ್ಲವರಿಗೆ "ಇದು ನನ್ನ ಸವಾಲು" ಎಂದು ಗುಡುಗಿದರೆ, ಸೇನಾಪತಿಯು "ಖಜಾನೆ ಖಾಲಿ, ಸಿಪಾಯಿಗಳು ತಯಾರಿಲ್ಲ" ಎಂದರೆ, ನನ್ನ ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ. ಸವಾಲು, ಖಜಾನೆ, ಖಾಲಿ, ಸಿಪಾಯಿ, ತಯಾರು ಎಲ್ಲವೂ ಅರಬ್ಬಿ-ಪಾರಸಿಗಳಿಂದ ಸಾವಿರ ವರ್ಷದಷ್ಟು ತಡವಾಗಿ ಬಂದ ಪದಗಳು. ನಮ್ಮ ದಿನಬಳಕೆಗೆ ಅವು ಬೇಕೇ ಬೇಕು. ಅವನ್ನು ಹೊರಹಾಕಬೇಕೆಂದು ನಾನು ಹೇಳುತ್ತಿಲ್ಲ. ಕದಂಬರ ಬಾಯಿಗೆ ಬೊಕ್ಕಸ, ಬರಿದು, ಪಡೆ, ಅಣಿ ಎಂಬ ಪದಗಳಿದ್ದರೆ ಪ್ರೇಕ್ಷಕನಿಗೆ ಅರ್ಥವೂ ಆಗುತ್ತದೆ, ಕಾಲವೂ ಕೆಡುವುದಿಲ್ಲ.

ಕಳೆದ ಸಂಚಿಕೆಯ ನಿಮ್ಮ ಬರಹದಲ್ಲಿ "ಇಮ್ಮಡಿ ಪುಲಿಕೇಶಿ ಕೈಮುಗಿದ ಪಟ್ಟದಕಲ್ಲಿನ ವಿರೂಪಾಕ್ಷ" ಎಂದಿದೆ. ತಪ್ಪು ಹುಡುಕುವವರೇ ಹೀಗೆ ಬರೆಯಬಹುದೇ? (ಬಾಗಲಕೋಟೆ)

ಬರೆಯಬಾರದಿತ್ತು. ಆ ದೇವಾಲಯವನ್ನು ಕಟ್ಟಿಸಿದವಳು ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಸುಮಾರು 740ರಲ್ಲಿ, ತನ್ನ ಪತಿ ಕಂಚಿಯನ್ನು ಗೆದ್ದದ್ದರ ನೆನಪಿಗೆ. ಪುಲಿಕೇಶಿಯ ಕಾಲ ಅದಕ್ಕೆ ನೂರು ವರ್ಷ ಹಿಂದಿನದು. ಪಲ್ಲವರು ಅವನನ್ನು ಸೋಲಿಸಿ ರಾಜಧಾನಿ ಬಾದಾಮಿಯನ್ನು ಹಿಡಿದದ್ದು 642ರ ಸುಮಾರಿಗೆ. ಪುಲಿಕೇಶಿಯ ಚಿತ್ರಕ್ಕೆ ಸಲ್ಲುವ ಕಟ್ಟಡ ಬೇಕಿದ್ದರೆ ಐಹೊಳೆಯ ಮೇಗುತಿಯ ಜಿನಾಲಯವಿದೆ, ಅದರ ಗೋಡೆಯ ಮೇಲೆ ರವಿಕೀರ್ತಿಯ 634ರ ಶಾಸನವಿದೆ. ಬಾದಾಮಿಯ ಗುಹೆಗಳೂ ನಡೆಯುತ್ತವೆ.

ಕಿತ್ತೂರಿನ ಕಥೆಯ ದೃಶ್ಯವೊಂದರಲ್ಲಿ ಥ್ಯಾಕರೆಯ ಕಚೇರಿಯ ಗೋಡೆಯ ಮೇಲೆ ವಿಕ್ಟೋರಿಯಾ ರಾಣಿಯ ಪಟವಿತ್ತು. ಸರಿಯೇ? (ಬೈಲಹೊಂಗಲ)

ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯೆದುರು ಸತ್ತದ್ದು 1824ರ ಅಕ್ಟೋಬರ್ 23ರಂದು. ಆಗ ವಿಕ್ಟೋರಿಯಾ ಐದು ವರ್ಷದ ಮಗು. ಪಟ್ಟಕ್ಕೆ ಬಂದದ್ದು 1837ರಲ್ಲಿ. ಗೋಡೆಯ ಮೇಲೆ ಪಟ ಬೇಕೇ ಬೇಕೆಂದರೆ ನಾಲ್ಕನೆಯ ಜಾರ್ಜ್‌ನದು ಇರಬೇಕಿತ್ತು. ಚೆನ್ನಮ್ಮ 1829ರಲ್ಲಿ ನಿಮ್ಮ ಊರಿನ ಸೆರೆಯಲ್ಲಿ ತೀರಿಕೊಂಡಾಗಲೂ, 1831ರ ಜನವರಿ 26ರಂದು ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದಾಗಲೂ ವಿಕ್ಟೋರಿಯಾ ರಾಣಿಯಾಗಿರಲಿಲ್ಲ.

ಪಟಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬಂದೂಕು. ಆ ಕಾಲದ ಸಿಪಾಯಿ ಕಾಗದದ ತೋಟೆಯನ್ನು ಹಲ್ಲಿನಿಂದ ಹರಿದು, ಸ್ವಲ್ಪ ಮದ್ದನ್ನು ಬಂದೂಕಿನ ಕಿವಿಗೆ, ಎಂದರೆ ಕಿಡಿ ತಾಗುವ ಪುಟ್ಟ ಬಟ್ಟಲಿಗೆ, ಸುರಿದು, ಉಳಿದ ಮದ್ದನ್ನೂ ಗುಂಡನ್ನೂ ನಳಿಕೆಯ ಬಾಯಿಯಿಂದ ಹಾಕಿ, ಗಜದಿಂದ ಜಡಿದು, ಆಮೇಲೆ ಗುರಿಯಿಡಬೇಕಿತ್ತು. ಪಳಗಿದ ಕೈಗೂ ನಿಮಿಷಕ್ಕೆ ಮೂರು ಗುಂಡು ಹಾರಿಸಿದರೆ ಹೆಚ್ಚು. ಮಳೆ ಬಂದರೆ ಅದೂ ಇಲ್ಲ. ಕವಣೆ, ಕತ್ತಿ ಹಿಡಿದು ನುಗ್ಗಿದವರು ಬಂದೂಕಿನವರ ಮೇಲೆ ಗೆಲ್ಲಬಹುದಾಗಿದ್ದ ಎಡೆ ಆ ಇಪ್ಪತ್ತು ಸೆಕೆಂಡುಗಳಲ್ಲಿಯೇ ಇತ್ತು. ಚಿತ್ರದಲ್ಲಿ ಸಿಪಾಯಿಗಳು ಕೊಕ್ಕೆ ಎಳೆದು ಎಡೆಬಿಡದೆ ಗುಂಡು ಹಾರಿಸಿದರೆ, ಅಂತಹ ಬಂದೂಕು ಬರಲು ಇನ್ನೂ ಹಲವು ದಶಕಗಳಿದ್ದವು ಎಂಬುದು ಒಂದು ತಪ್ಪು. ರಾಯಣ್ಣನ ಕಾಡಿನ ಯುದ್ಧದ ಜಾಣ್ಮೆಯೇ ಅರ್ಥವಾಗದೆ ಹೋಗುತ್ತದೆ ಎಂಬುದು ಎರಡನೆಯದು.

1970ರ ದಶಕದ ಕಥೆ ಹೇಳುವ ಚಿತ್ರಗಳಲ್ಲಿ ಯಾವ ತಪ್ಪುಗಳನ್ನು ಗಮನಿಸಬೇಕು? (ಬೆಂಗಳೂರು)

ಮೊದಲು ವಾಹನದ ಸಂಖ್ಯಾಫಲಕ. ಕೆಎ ಎಂದು ಶುರುವಾಗುವ ಸಂಖ್ಯೆ 1989ರಲ್ಲಿ ಜಾರಿಗೆ ಬಂದ ಹೊಸ ಕಾನೂನಿನ ಫಲ. ಆಮೇಲೆ ಕಚೇರಿಯ ಫಲಕ: 1973ರ ನವೆಂಬರ್ 1ಕ್ಕೆ ಮೊದಲಿನ ಕಥೆಯಾದರೆ ಅಲ್ಲಿ ಮೈಸೂರು ಸರ್ಕಾರ ಎಂದಿರಬೇಕು. ಅಂಚೆಯ ಪಿನ್ ಸಂಖ್ಯೆ 1972ರದು, ಅಂಗಡಿಯ ಬೆಲೆಪಟ್ಟಿಯಲ್ಲಿ ಕಾಣುವ ರೂಪಾಯಿಯ ಹೊಸ ಚಿಹ್ನೆ 2010ರದು.

ಕಟ್ಟಡಗಳ ವಿಷಯದಲ್ಲಿ ಇನ್ನೂ ಹಿಂದಕ್ಕೆ ಹೋಗಬೇಕು. 1942ರ ಚಳವಳಿಯ ದೃಶ್ಯದ ಹಿನ್ನೆಲೆಯಲ್ಲಿ ವಿಧಾನಸೌಧ ಕಂಡರೆ, ಅದರ ಶಂಕುಸ್ಥಾಪನೆಯಾದದ್ದು 1951ರಲ್ಲಿ. ಮೈಸೂರಿನ ಈಗಿನ ಅರಮನೆ 1897ರ ಬೆಂಕಿಯ ನಂತರ ಕಟ್ಟಲು ತೊಡಗಿ 1912ರಲ್ಲಿ ಮುಗಿದದ್ದು. ಅದರ ಮುಂದೆ ರಣಧೀರ ಕಂಠೀರವನನ್ನು ನಿಲ್ಲಿಸಿದರೆ ಎರಡು ತಪ್ಪು, ಏಕೆಂದರೆ ಅವನ ರಾಜಧಾನಿ ಶ್ರೀರಂಗಪಟ್ಟಣ.

ನಮ್ಮ ನ್ಯಾಯಾಲಯಗಳಲ್ಲಿ ನ್ಯಾಯಾಧೀಶರು ಸುತ್ತಿಗೆ ಬಡಿಯುತ್ತಾರೆಯೇ? (ಧಾರವಾಡ)

ಇಲ್ಲ. ಸಾಕ್ಷಿ ಭಗವದ್ಗೀತೆಯ ಮೇಲೆ ಕೈಯಿಡುವ ಪದ್ಧತಿಯೂ ಇಲ್ಲ. 1969ರ ಪ್ರಮಾಣವಚನ ಕಾಯ್ದೆಯ ಪ್ರಕಾರ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬೇಕು, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಿಸಬೇಕು. ಇನ್ನೊಂದು ಹೊಸ ತಪ್ಪು ಈಗ ಶುರುವಾಗಿದೆ. 2024ರ ಜುಲೈ 1ರ ನಂತರ ನಡೆದ ಕೊಲೆಗೆ ಭಾರತೀಯ ನ್ಯಾಯ ಸಂಹಿತೆಯ 103ನೆಯ ಕಲಂ ಅನ್ವಯವಾಗುತ್ತದೆ. ಆದರೆ ಧಾರಾವಾಹಿಯ ಪೊಲೀಸರಿಗೆ ಹಳೆಯ ಭಾರತೀಯ ದಂಡ ಸಂಹಿತೆಯ 302ರ ಮೋಹ ಸುಲಭವಾಗಿ ಬಿಡುವಂತೆ ಕಾಣುವುದಿಲ್ಲ.

"ಈ ಕಥೆ ಕಾಲ್ಪನಿಕ" ಎಂದು ಮೊದಲೇ ಹಾಕಿಬಿಟ್ಟರೆ ಎಲ್ಲ ತಪ್ಪೂ ಮಾಫಿಯೇ? (ಮಂಡ್ಯ)

ಕಾನೂನಿನ ಮಟ್ಟಿಗೆ ಅದರಿಂದ ಉಪಯೋಗವಿದೆ. ಟಿಪ್ಪು ಸುಲ್ತಾನನನ್ನು ಕುರಿತು 1990ರಲ್ಲಿ ದೂರದರ್ಶನದಲ್ಲಿ ಪ್ರಸಾರ ಶುರುವಾದ ಹಿಂದಿ ಧಾರಾವಾಹಿ, ಭಗವಾನ್ ಗಿದ್ವಾನಿಯವರ ಕಾದಂಬರಿಯನ್ನು ಆಧರಿಸಿದ್ದು. ವಿವಾದವೆದ್ದ ಮೇಲೆ ಇದು ಕಲ್ಪಿತ ಕಥೆ ಎಂಬ ಸೂಚನೆಯೊಂದಿಗೆ ಅದು ಪ್ರಸಾರವಾಯಿತು. ಆ ಧಾರಾವಾಹಿಯನ್ನು ನೋಡಿದವರನ್ನು ಇಂದು ಕೇಳಿ ನೋಡಿ: ಕತ್ತಿಯೂ ಕುದುರೆಯೂ ಶೀರ್ಷಿಕೆಯ ಸಂಗೀತವೂ ನೆನಪಿರುತ್ತವೆ, ಸೂಚನೆಯ ಅಕ್ಷರಗಳು ನೆನಪಿರುವುದಿಲ್ಲ. ಸಂಭಾಷಣೆಯನ್ನು ಕಲ್ಪಿಸಿಕೊಳ್ಳದೆ ಯಾರೂ ಇತಿಹಾಸದ ಕಥೆ ಹೇಳಲಾರರು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸಂಭಾಷಣೆಯನ್ನು ನೋಡುಗ ಕಥೆಯೆಂದು ಕೇಳುತ್ತಾನೆ. ಹಿಂದೆ ಕಾಣುವ ಕೋಟೆ, ಬಂದೂಕು, ಟೊಪ್ಪಿಗೆಗಳನ್ನು ನಿಜವೆಂದೇ ತೆಗೆದುಕೊಳ್ಳುತ್ತಾನೆ. ಸೂಚನೆ ಆ ವಸ್ತುಗಳನ್ನು ಮುಟ್ಟುವುದೇ ಇಲ್ಲ.

ಬಿದಿಗೆಯ ಚಂದ್ರನ ಕೆಳಗೆ ನಾಯಕ ನಾಯಕಿ ನಡುರಾತ್ರಿ ಹಾಡುವ ದೃಶ್ಯವೊಂದಿತ್ತು. ಗಡಿಯಾರದ ಹನ್ನೆರಡು ಗಂಟೆಯ ಸದ್ದೂ ಕೇಳಿಸಿತು. ಇದು ಸಾಧ್ಯವೇ? (ತೀರ್ಥಹಳ್ಳಿ)

ಸಾಧ್ಯವಿಲ್ಲ. ಶುಕ್ಲಪಕ್ಷದ ಬಿದಿಗೆಯ ಚಂದ್ರ ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ, ದಿಗಂತದ ಹತ್ತಿರ, ಸ್ವಲ್ಪ ಹೊತ್ತು ಕಂಡು ಸೂರ್ಯನ ಹಿಂದೆಯೇ ಇಳಿದುಬಿಡುತ್ತದೆ. ಹನ್ನೆರಡು ಗಂಟೆಗೆ ಹಾಡು ಬೇಕಿದ್ದರೆ ಅಷ್ಟಮಿಯ ಮೇಲಿನ ಚಂದ್ರನನ್ನು ಇಟ್ಟುಕೊಳ್ಳಬೇಕು, ಬಿದಿಗೆಯೇ ಬೇಕಿದ್ದರೆ ಹಾಡನ್ನು ಸಂಜೆ ಏಳೂವರೆಯೊಳಗೆ ಮುಗಿಸಬೇಕು.